ಬಾಣಂತಿ ಖೋಲಿಯ ಕಿಂಡಿಗಳು

ಕೂಸನ್ನು ಮಣ್ಣು ಮಾಡಿದ ಮೂರನೆಯ ದಿನ ಬೆಳಿಗ್ಗೆ ಧರ್ಮಣ್ಣ ಹಾರೆ ಹಿಡಿದು ತನ್ನ ಹೊಸ ಮನೆಯ ಗೋಡೆಯ ಮುಂದೆ ನಿಂತಿದ್ದ. ಅದನ್ನು ಕಟ್ಟಿದ ಹಫೀಜ ಮೇಸ್ತ್ರಿಗೆ ಹೇಳಿಕಳಿಸಿದ್ದ.

ಹಿರೋಳ್ಳಿಯಲ್ಲಿ ಅಂಥ ಮನೆ ಅದೊಂದೇ. ಇಟ್ಟಿಗೆಗಳ ನಡುವೆ ಪೊಳ್ಳು ಬಿಟ್ಟು ಕಟ್ಟಿದ ಗೋಡೆ, ಬಿಸಿಗಾಳಿ ಹೊರಹೋಗಲು ಮಾಳಿಗೆಯ ಕೆಳಗೆ ಸಾಲು ಕಿಂಡಿ. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಮಲಗಬಹುದಿತ್ತು. ಮಗಳು ಸಪ್ನಾಳ ಚೊಚ್ಚಲ ಬಾಣಂತನ ಇಲ್ಲೇ ಆಗಲೆಂದು ದ್ರೌಪದಿ ಗಂಡನಿಗೆ ದುಂಬಾಲು ಬಿದ್ದು ಕಟ್ಟಿಸಿದ್ದಳು.

"ಬಾರಪಾ ಮೇಸ್ತ್ರಿ. ನಿನ್ನ ತಂಪು ಮನಿ ನನ್ನ ಮೊಮ್ಮಗನ್ನ ತಿಂತು. ಪೊಳ್ಳು ಗ್ವಾಡ್ಯಾಗ ವಿಷಗಾಳಿ ಕುಂತಿತ್ತಂತ ಊರೆಲ್ಲ ಅನ್ನಾಕತ್ತೈತಿ."

"ಹಂಗ ಆಗೂದಿಲ್ರಿ ಅಣ್ಣಾರ. ನಮ್ಮೂರಾಗ ನನ್ನ ಮಕ್ಕಳೂ ಇಂಥಾ ಮನ್ಯಾಗ ಮಲಗ್ತಾವು."

ಬಾಗಿಲ ಹಿಂದೆ ನಿಂತು ದ್ರೌಪದಿ ಕೇಳಿಸಿಕೊಳ್ಳುತ್ತಿದ್ದಳು. ಕೂಸು ಸತ್ತ ದಿನ ಬಾಣಂತಿಗೂ ಕೂಸಿಗೂ ಎರೆದು, ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟವಳು ಅವಳೇ. ಗಾಳಿ ಸೋಕಬಾರದೆಂದು ಸ್ಟೂಲು ಹತ್ತಿ, ಏಳೂ ಕಿಂಡಿಗಳಿಗೆ ತನ್ನ ಹಳೆಯ ಸೀರೆಗಳನ್ನು ತುರುಕಿದ್ದಳು. ಅವಳ ತಾಯಿ ಅವಳಿಗೆ ಮಾಡಿದ್ದೂ ಹೀಗೆಯೇ. ಆದರೆ ಆ ಹಳೆಯ ತವರುಮನೆಯ ಜಂತಿಯ ಸಂದುಗಳಲ್ಲಿ ಕೆಂಡದ ಹೊಗೆ ತಾನಾಗಿ ಹೊರಟುಹೋಗುತ್ತಿತ್ತು. ಇಲ್ಲಿ ಕೂದಲೆಳೆಯ ಬಿರುಕೂ ಇರಲಿಲ್ಲ.

"ಯವ್ವಾ, ತಲಿ ತಿರಗಾಕತ್ತೈತಿ. ಒಂದರ ಕಿಂಡಿ ತಗಿ ಬೇ," ಎಂದಿದ್ದಳು ಅಂದು ಸಪ್ನಾ.

"ಬಾಣಂತಿಗೆ ಗಾಳಿ ಬಡದ್ರ ಸಾಯೂತನಕ ತಲಿನೋವು. ಸುಮ್ನ ಮಕ್ಕೊ."

ಎಚ್ಚರ ತಪ್ಪಿದ್ದ ಇಬ್ಬರನ್ನೂ ದ್ರೌಪದಿ ಹೊರಗೆ ಎಳೆದು ತಂದ ಮೇಲೆ ಸಪ್ನಾ ಉಸಿರಾಡಿದಳು. ಕೂಸು ಉಸಿರಾಡಲಿಲ್ಲ. ಮಂದಿ ಸೇರುವ ಮೊದಲೇ ದ್ರೌಪದಿ ಸೀರೆಗಳನ್ನು ಎಳೆದು ಪೆಟ್ಟಿಗೆಗೆ ಹಾಕಿದ್ದಳು. ಸಪ್ನಾ ಅದನ್ನು ನೋಡಿದ್ದಳು. ಮೂರು ದಿನದಿಂದ ಮಗಳು ತುಟಿ ಬಿಚ್ಚಿರಲಿಲ್ಲ. ಅತ್ತು, ಬೈದು, ತನ್ನ ಮುಖಕ್ಕೆ ಉಗುಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ದ್ರೌಪದಿಗೆ ಅನ್ನಿಸಿತ್ತು.

"ಅವತ್ತು ಕಿಂಡಿ ತೆರದಿದ್ವೇನ್ರಿ ಅಕ್ಕಾರ?" ಹಫೀಜ ಬಾಗಿಲ ಕಡೆ ತಿರುಗಿ ಕೇಳಿದ.

"ಈಗೂ ತೆರದಾವಲ್ಲೋ, ಕಣ್ಣ ಹೋಗ್ಯಾವೇನು?" ಎಂದ ಧರ್ಮಣ್ಣ.

ಹಫೀಜ ಗೋಡೆ ಸವರಿದ. "ನಂದೇ ಏನರ ತಪ್ಪಾಗಿರಬೇಕು. ಕೊಡ್ರಿ ಹಾರಿ, ನಾನ ಕೆಡವ್ತೇನಿ."

ಆ ಮಾತಿಗೆ ದ್ರೌಪದಿ ಅಂಗಳಕ್ಕೆ ಬಂದಳು. "ಅಂವನ ತಪ್ಪಿಲ್ಲ. ಎಲ್ಲಾ ಕಿಂಡಿ ನಾನ ಮುಚ್ಚಿದ್ನಿ."

"ಏ, ದುಃಖದಾಗ ಹುಚ್ಚುಚ್ಚರೆ ಮಾತಾಡಬ್ಯಾಡ. ಒಳಗ ನಡಿ," ಎಂದ ಗಂಡ.

ಅವನು ನಂಬಲಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ದ್ರೌಪದಿಗೆ ಒಳಗೆ ಹೋಗಿಬಿಡಬೇಕೆನಿಸಿತು.

ಹೊಸ್ತಿಲಲ್ಲಿ ಸಪ್ನಾ ನಿಂತಿದ್ದಳು. ಹಾಲು ಬತ್ತಲೆಂದು ಎದೆಗೆ ಬಿಗಿದ ಬಟ್ಟೆ ತೊಯ್ದಿತ್ತು.

"ಅವ್ವ ಖರೇ ಹೇಳಾಕತ್ತಾಳಪ್ಪಾ. ತಗಿ ಅಂತ ನಾ ಮೂರು ಸಲ ಅಂದೆ."