ಸಲಿಕೆ ಬೀಳದ ದಿಬ್ಬ

"ಆ ಎರಡನೇ ಕಲ್ಲು ನಮ್ಮ ಮಾವ ನಿಲ್ಸಿದ್ದು ಕಣಪ್ಪ. ದನ ಮೈ ಉಜ್ಕೊಳ್ಳಲಿ ಅಂತ," ಎಂದಳು ದಿಬ್ಬವಿದ್ದ ಹೊಲದ ಒಡತಿ, ಮುದುಕಿ ಗೋಬ್ನಿಟ್.

ಟೀವಿಯಿಂದ ಬಂದಿದ್ದ ಫಿಯಾಕ್ರ ನಕ್ಕುಬಿಟ್ಟ. "ಅಮ್ಮಾ, ಹಾಗಂತ ಹೇಳಿದ್ರೆ ನನ್ನ ಕೆಲ್ಸ ಹೋಗತ್ತೆ." ಆ ಕಲ್ಲಿಗೇ ಬೆನ್ನು ಕೊಟ್ಟು, ದನಿ ಬದಲಿಸಿಕೊಂಡು ಕ್ಯಾಮೆರಾಕ್ಕೆ ಹೇಳತೊಡಗಿದ: ಕೆರಿ ಸೀಮೆಯ ಈ ಹುಲ್ಲುದಿಬ್ಬ ಪಿರಮಿಡ್ಡಿಗಿಂತ ಹಳೆಯದು, ವರ್ಷದ ಅತಿ ಗಿಡ್ಡ ಹಗಲಿನಂದು ಸೂರ್ಯ ಹುಟ್ಟುವುದು ಈ ಎರಡು ಕಲ್ಲುಗಳ ನಟ್ಟನಡುವೆ, ಐದು ಸಾವಿರ ವರ್ಷದಿಂದ ಇಲ್ಲಿ ಒಂದು ಸಲಿಕೆಯೂ ಬಿದ್ದಿಲ್ಲ.

ಬಿದ್ದಿತ್ತು. ಅರವತ್ತೊಂದರ ಮಾರ್ಚ್ ತಿಂಗಳಲ್ಲಿ, ಅವಳ ಗಂಡ ಡೊನಹನ ಸಲಿಕೆ. ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಹೆಣ್ಣುಮಗುವಿಗೆ ಜ್ಞಾನಸ್ನಾನವಾಗಿರಲಿಲ್ಲ. ಹಾಗಾಗಿ ಇಗರ್ಜಿಯ ಸ್ಮಶಾನದಲ್ಲಿ ಜಾಗವಿಲ್ಲ ಎಂದಿದ್ದರು ಪಾದ್ರಿ. ಊರಿನ ಅಂಥ ಮಕ್ಕಳೆಲ್ಲ ಬರುತ್ತಿದ್ದುದು ಈ ದಿಬ್ಬಕ್ಕೇ. ಗೋಬ್ನಿಟ್ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಡೊನಹ ಮಗುವನ್ನು ಬೆಣ್ಣೆಯ ಖಾಲಿ ಪೆಟ್ಟಿಗೆಯೊಂದರಲ್ಲಿಟ್ಟು, ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದವನು ಬರಿಗೈಯಲ್ಲಿ ಬಂದು, "ಮುಳ್ಳುಗಿಡದಿಂದ ಏಳನೇದು. ಬಿಳಿಕಲ್ಲು ಇಟ್ಟಿದೀನಿ," ಎಂದಿದ್ದ. ಮತ್ತೆ ಸಾಯುವವರೆಗೂ ಆ ಮಾತೆತ್ತಲಿಲ್ಲ. ದನ ನೋಡುವ ನೆವದಲ್ಲಿ ಅವಳು ಹೋಗಿ ನಿಂತು ಬರುತ್ತಿದ್ದಳು, ಅಷ್ಟೆ.

ಈಗ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದಳು. ಆದರೆ ಟೀವಿಯಲ್ಲಿ, ಊರೆಲ್ಲ ನೋಡುವ ಹಾಗೆ? ಅಲ್ಲಿ ಮಕ್ಕಳನ್ನು ಬಿಟ್ಟ ತಾಯಂದಿರೆಲ್ಲ ಬಾಯಿ ಹೊಲಿದುಕೊಂಡೇ ಹೋಗಿದ್ದರು. "ಗೇಟು ಹಾಕ್ಕೊಂಡು ಹೋಗಿ, ದನ ಆಚೆ ಬರ್ತವೆ," ಎಂದಷ್ಟೇ ಹೇಳಿ ಅವಳು ದಿಬ್ಬ ಇಳಿದು ಮನೆಗೆ ಹೋದಳು.

ಆ ಅತಿ ಗಿಡ್ಡ ಹಗಲಿನ ದಿನ, ಡಿಸೆಂಬರ್ ಇಪ್ಪತ್ತೊಂದರ ಬೆಳಗ್ಗೆ, ನೆರೆಮನೆಯ ಮೊಸ್ಸಿ ಬಾಗಿಲು ಬಡಿದ. "ಗೋಬ್ನಿಟಕ್ಕಾ, ನಿನ್ನ ಬೇಲಿ ಕಿತ್ತಾಕವ್ರೆ. ಟೀವಿ ನೋಡ್ಕೊಂಡು ಮುನ್ನೂರು ಜನ ಬಂದವ್ರೆ, ಡೋಲು ಬೇರೆ ಬಡೀತಾವ್ರೆ!"

ಅವಳು ಬೂಟು ಏರಿಸಿಕೊಂಡು, ಅವನ ತೋಳು ಹಿಡಿದು ದಿಬ್ಬ ಹತ್ತಿದಳು. ಮೋಡ ಕವಿದಿತ್ತು. ಬೆಳಕು ಒಡೆದದ್ದು ಕಲ್ಲುಗಳ ನಡುವೆಯಲ್ಲ, ತೀರ ಬಲಕ್ಕೆ, ಮೊಸ್ಸಿಯ ಕೊಟ್ಟಿಗೆಯ ಹಿಂದೆ. ಆದರೂ ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಗೋಬ್ನಿಟ್ ಮುಳ್ಳುಗಿಡದ ಬುಡದಿಂದ ಎಣಿಸಲು ನೋಡಿದಳು. ಏಳನೆಯದಿರಲಿ, ಮೊದಲನೆಯದೂ ಇರಲಿಲ್ಲ. ಬಿಳಿಕಲ್ಲುಗಳನ್ನೆಲ್ಲ ದಿಬ್ಬದ ನೆತ್ತಿಯಲ್ಲಿ ಸುರುಳಿ ಸುರುಳಿಯಾಗಿ ಜೋಡಿಸಿಟ್ಟಿದ್ದರು, ನಡುನಡುವೆ ಮೇಣದಬತ್ತಿ.

"ಯಾರು... ಯಾರು ಎತ್ತಿದ್ದು ಇವನ್ನ?"

ಕೂದಲಿಗೆ ಬಣ್ಣದ ದಾರ ಸುತ್ತಿದ್ದ ಹುಡುಗಿ ಅದನ್ನು ಮೆಚ್ಚುಗೆ ಎಂದುಕೊಂಡಳು. "ನಾವೇ ಅಜ್ಜಿ! ನಿನ್ನೆಯೆಲ್ಲ ಹೆಕ್ಕಿದ್ವಿ. ಹುಲ್ಲಲ್ಲಿ ಎಲ್ಲೆಂದ್ರಲ್ಲಿ ಬಿದ್ದಿದ್ವು, ಪಾಪ."

ಮೊಸ್ಸಿ ಟೋಪಿ ತೆಗೆದ. ನಲವತ್ತು ವರ್ಷ ಒಂದೇ ಬೇಲಿಯ ಆಚೀಚೆ ಬದುಕಿದವನು, ಮೊದಲ ಸಲ ಹೇಳಿದ: "ನಮ್ಮವ್ವಂದು ಎರಡಿದ್ವು, ಅಕ್ಕ."

ಗೋಬ್ನಿಟ್ ಅವನ ತೋಳನ್ನು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಹುಡುಗಿ ಬಗ್ಗಿ, ಸುರುಳಿಯ ತುದಿಯಿಂದ ಒಂದು ಕಲ್ಲೆತ್ತಿ ಅವಳ ಅಂಗೈಗಿಟ್ಟಳು. "ಇಟ್ಕೊಳ್ಳಿ. ಒಳ್ಳೇದಾಗತ್ತೆ."

ಕಲ್ಲು ತಣ್ಣಗಿತ್ತು, ಒಂದು ಮಗ್ಗುಲಿಗೆ ಮಣ್ಣು ಹತ್ತಿತ್ತು.

"ಇದು ಎಲ್ಲಿತ್ತು, ಮಗಳೇ?"

ಹುಡುಗಿ ತಿರುಗಿ ನೋಡಿದಳು. ಸ್ವಲ್ಪ ಯೋಚಿಸಿ ಕೈ ಚಾಚಿದಳು. ಆ ಕೈ ದಿಬ್ಬದ ಈ ಕೊನೆಯಿಂದ ಆ ಕೊನೆಯವರೆಗೂ ನಿಧಾನವಾಗಿ ಸರಿಯುತ್ತ ಹೋಯಿತು.