ಕುಕ್ಕರಗಾಲಪ್ಪನನ್ನು ಮಾರಿದ ಬೆಳಿಗ್ಗೆ

೧.
ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನೀವು ಪುಸ್ತಕ ಮುಚ್ಚಿ ಫೋನ್ ತೆಗೆಯುತ್ತೀರಿ. ಹಾಗಾಗಿ ಕೇಳುವುದಿಲ್ಲ. ಈ ಕಥೆಯನ್ನು ಮೂರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಮೊದಲನೆಯದರಲ್ಲಿ ಬೇಸ್‌ಬಾಲ್ ನಿಯಮಗಳನ್ನು ವಿವರಿಸಹೋಗಿ ಎರಡನೇ ಪ್ಯಾರಾದಲ್ಲಿ ನಾನೇ ಔಟಾದೆ. ಎರಡನೆಯದು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಶುರುವಾಗುತ್ತಿತ್ತು. ಓದಿದ ನನ್ನ ಹೆಂಡತಿ, "ಮೊದಲ್ನೇ ಸಾಲಲ್ಲೇ ಅಳಿಸೋಕೆ ಹೊರಟಿದೀಯಲ್ಲ, ನಾಚಿಕೆ ಆಗಲ್ವಾ?" ಎಂದಳು. ಮೂರನೆಯದು ಇದು.

(ಲೆಕ್ಕ ಗಮನಿಸಿದಿರಾ? ಮೂರು ಸಲ ಬಿಟ್ಟಿದ್ದೇನೆ ಎಂದೆ, ಮೂರನೆಯದು ಇದು ಎಂದೆ. ಇದನ್ನೂ ಬಿಡುತ್ತೇನೆ ಎನ್ನುವುದು ನನಗೆ ಆಗಲೇ ಗೊತ್ತಿದೆ ಎಂದಾಯಿತು.)

೨.
ಸಿಂಗಪುರದ ಯಿಶುನ್ ಬಡಾವಣೆಯ ಒಂದು ಬ್ಲಾಕಿನ ಒಂಬತ್ತನೇ ಮಹಡಿ. ಬೆಳಿಗ್ಗೆ ಏಳೂ ಐದು. ಗಜೇಂದ್ರಗಡದ ಶಿವಲಿಂಗವ್ವ, ವಯಸ್ಸು ಅರವತ್ತೊಂಬತ್ತು, ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಚಹಾದ ಲೋಟ ಹಿಡಿದು, ಟಿವಿಯಲ್ಲಿ ಅಮೆರಿಕದ ಒಂದು ಬೇಸ್‌ಬಾಲ್ ತಂಡವನ್ನು ಬೈಯುತ್ತಿದ್ದಳು.

ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಆಟ ಇಲ್ಲಿ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಮೊಮ್ಮಗಳು ಸಮೃದ್ಧಿ ಶಾಲೆಗೆ, ಸೊಸೆ ಸುಪ್ರಿಯಾ ಟುವಾಸ್‌ನ ಫ್ಯಾಕ್ಟರಿಗೆ, ಮಗ ಬಸವಕಿರಣ ಚಾಂಗಿ ಬಿಸಿನೆಸ್ ಪಾರ್ಕಿಗೆ ಹೊರಟುಹೋಗಿರುತ್ತಾರೆ. ಸಮೃದ್ಧಿ ಹೋದ ವರ್ಷದವರೆಗೆ ಶಾಲೆಯ ಸಾಫ್ಟ್‌ಬಾಲ್ ಟೀಮಿನಲ್ಲಿದ್ದಳು. ಅವಳಿಗೋಸ್ಕರ ಬಸವಕಿರಣ ಬೇಸ್‌ಬಾಲ್ ಚಾನೆಲ್ ಹಾಕಿಸಿದ್ದ. ಈ ವರ್ಷ ಪಿಎಸ್‌ಎಲ್‌ಇ, ಅಂದರೆ ಆರನೇ ಕ್ಲಾಸಿನ ದೊಡ್ಡ ಪರೀಕ್ಷೆ. ಸಾಫ್ಟ್‌ಬಾಲ್ ನಿಂತಿತು, ಚಾನೆಲ್ ಮಾತ್ರ ಉಳಿಯಿತು. ಖಾಲಿ ಮನೆಯಲ್ಲಿ ಅದನ್ನು ಹಚ್ಚಿ ಕೂತ ಅಜ್ಜಿ ಎರಡೇ ವಾರದಲ್ಲಿ ಅದರ ಹುಚ್ಚಿಗೆ ಬಿದ್ದಳು.

ತಂಡದ ಹೆಸರು ಹೆರನ್ಸ್. ಟೋಪಿಯ ಮೇಲೆ ಕೊಕ್ಕರೆ. (ಅಂಥ ತಂಡ ಅಮೆರಿಕದಲ್ಲಿಲ್ಲ, ಹುಡುಕಬೇಡಿ. ನನಗೆ ಸೋಲುವ ತಂಡವೊಂದು ಬೇಕಿತ್ತು. ನಿಜವಾದದ್ದರ ಹೆಸರು ಹಾಕಿದರೆ ಅದರ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ.) ಆಟಗಾರರ ಹೆಸರು ನಾಲಿಗೆಗೆ ತಿರುಗದ್ದರಿಂದ ಶಿವಲಿಂಗವ್ವ ತಾನೇ ಹೆಸರಿಟ್ಟುಕೊಂಡಿದ್ದಳು. ಚೆಂಡು ಎಸೆಯುವ ಹುಡುಗ ಉದ್ದಗೈಯವ. ಬ್ಯಾಟ್ ಹಿಡಿದವನ ಹಿಂದೆ, ಮುಖಕ್ಕೆ ಪಂಜರ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು ಬಂದ ಚೆಂಡನ್ನೆಲ್ಲ ಹಿಡಿಯುವವನು ಕುಕ್ಕರಗಾಲಪ್ಪ. ಅವನಿಗೆ ಮೂವತ್ತಾರು ವರ್ಷ, ಅದೇ ತಂಡದಲ್ಲಿ ಹನ್ನೊಂದು ವರ್ಷ, ಎರಡು ಸಲ ಮೊಣಕಾಲಿನ ಆಪರೇಶನ್.

"ಮಾರಿಬಿಡ್ರಿ ಅವನ್ನ," ಎಂದು ಅವಳು ಏಪ್ರಿಲ್‌ನಿಂದ ಟಿವಿಗೆ ಹೇಳುತ್ತಿದ್ದಳು. "ಮೊಣಕಾಲ ಹ್ವಾದ ಮ್ಯಾಲೆ ಎಷ್ಟ ಪ್ರೀತಿ ಇದ್ರೇನು, ಕುಂದ್ರಾಕ ಬರಂಗಿಲ್ಲ. ಈಗ ಕೊಟ್ರ ಎರಡು ಎಳೀ ಹುಡುಗ್ರು ಸಿಗ್ತಾರ. ಮುಂದಿನ ವರ್ಷ ಯಾರೂ ಕೇಳಂಗಿಲ್ಲ."

ಇದು ಬಾಯಿಚಪಲದ ಮಾತಲ್ಲ. ಬೇಸ್‌ಬಾಲ್‌ನಲ್ಲಿ ಟ್ರೇಡ್ ಎಂದರೆ ಆಳಿಗೆ ಆಳು. ನಮ್ಮವನನ್ನು ಕೊಟ್ಟು ಅವರವನನ್ನು ತರುವುದು. ಜುಲೈ ಕೊನೆಯೊಳಗೆ ಮುಗಿಯಬೇಕು. ಊರಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದ ಹೆಂಗಸಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ರೊಟ್ಟಿ ಬಡಿಯುವವಳ ಭುಜ ಸೋತಾಗ ಅವಳನ್ನು ಯಾವಾಗ ಬಿಡಿಸಬೇಕು, ಯಾರನ್ನು ತರಬೇಕು ಎಂದು ಅವಳು ಕಣ್ಣಲ್ಲೇ ಅಳೆಯುತ್ತಿದ್ದಳು.

ಮಧ್ಯಾಹ್ನ ಎರಡಕ್ಕೆ ಸಮೃದ್ಧಿ ಬಂದು ಬ್ಯಾಗ್ ಎಸೆಯುತ್ತಿದ್ದಳು. ಮೂರೂವರೆಗೆ ಟ್ಯೂಷನ್. ನಡುವಿನ ಆ ಒಂದೂವರೆ ಗಂಟೆ ಅಜ್ಜಿಯದು. ರೊಟ್ಟಿ ಬಡಿಯುತ್ತಾ ಬೆಳಗಿನ ಆಟವನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು. ಸೋಲನ್ನೂ ಅವಳು ಹೇಳುವಾಗ ಕೇಳುವ ಹಾಗಿರುತ್ತಿತ್ತು. ಶಿವಲಿಂಗವ್ವ ಇಡೀ ದಿನ ಆ ಒಂದೂವರೆ ಗಂಟೆಗಾಗಿ ಬದುಕುತ್ತಿದ್ದಳು.

೩.
ಇಲ್ಲಿ ಶಿವಲಿಂಗವ್ವನಿಗೂ ನನಗೂ ಒಂದು ಜಗಳವಾಯಿತು. ನೂರಾ ಆರು ಆಟದಲ್ಲಿ ಅರವತ್ತಾರು ಸೋತ ತಂಡವನ್ನು ನೋಡಿ ನೋಡಿ ನನಗೇ ಬೇಸರ ಬಂದಿತ್ತು.

"ಅವ್ವಾ, ತಂಡ ನಾನೇ ಕಟ್ಟಿದ್ದು. ನಾಳೆಯಿಂದ ಹತ್ತು ಆಟ ಗೆಲ್ಲಿಸಿಬಿಡಲಾ?" ಎಂದು ಕೇಳಿದೆ.

"ನೀ ಗೆಲ್ಲಿಸಿದ್ರ ಅವರು ಗೆದ್ದಂಗ ಹೆಂಗಾಕ್ಕೈತಿ?" ಎಂದಳು. "ಸುಮ್ಕ ಬರಿ."

ಸುಮ್ಮನೆ ಬರೆಯುತ್ತಿದ್ದೇನೆ. ಹೆರನ್ಸ್ ಮಾರನೇ ದಿನವೂ ಸೋತಿತು.

೪.
ಈಗ ಮುಖ್ಯವಾದದ್ದು. (ಕಥೆಗಾರ ಹೀಗೆ ಬೆರಳು ತೋರಿಸಬಾರದು ಎನ್ನುತ್ತಾರೆ. ತೋರಿಸದಿದ್ದರೆ ನೀವು ನೋಡುವುದಿಲ್ಲ.)

ಶಿವಲಿಂಗವ್ವನಿಗೆ ಇಬ್ಬರು ಮಕ್ಕಳು, ಆದ್ದರಿಂದ ಪಾಳಿ. ಆರು ತಿಂಗಳು ಸಿಂಗಪುರದ ಬಸವಕಿರಣನ ಮನೆ, ಆರು ತಿಂಗಳು ಪುಣೆಯ ಮಹಾಂತೇಶನ ಮನೆ. ಈ ಪಾಳಿ ದೀಪಾವಳಿಯವರೆಗೆ ಇತ್ತು. ಜುಲೈನ ಮೂರನೇ ಭಾನುವಾರ, ಚಹಾ ಹೊತ್ತಿನಲ್ಲಿ, ಬಸವಕಿರಣ ಸೋಫಾದ ತುದಿಗೆ ಕೂತು ಗಂಟಲು ಸರಿಮಾಡಿಕೊಂಡ.

"ಅವ್ವಾ, ಒಂದು ಮಾತು. ಸಮೃದ್ಧಿ ಮ್ಯಾಥ್ಸ್ ಭಾಳ ವೀಕ್ ಆಗೇದ. ಸುಪ್ರಿಯಾನ ಅಮ್ಮ ರಿಟೈರ್ಡ್ ಮ್ಯಾಥ್ಸ್ ಟೀಚರ್ ಅಲ್ಲಾ? ಪರೀಕ್ಷೆ ಮುಗಿಯೋತನ ಬಂದು ಇರ್ತಾರಂತ. ಆದ್ರ ಹೆಚ್ಚಿಂದು ಇರೋದು ಒಂದೇ ರೂಮು, ನಿಂದು. ನೀ ಈ ಸಲ ಸ್ವಲ್ಪ ಲಗೂ ಪುಣೆಕ್ಕ ಹೋದ್ರ..."

ಸುಪ್ರಿಯಾ ಕೈಯಲ್ಲಿದ್ದ ಬಿಸ್ಕತ್ತನ್ನೇ ನೋಡುತ್ತಿದ್ದಳು. ಸಮೃದ್ಧಿ ತನ್ನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಲೆಕ್ಕ ಮಾಡುತ್ತಿದ್ದಳು.

ಶಿವಲಿಂಗವ್ವ ಟಿವಿಯ ಸದ್ದು ಕಡಿಮೆ ಮಾಡಿ ವಿಚಾರ ಮಾಡಿದಳು. ನಾಲ್ಕು ತಿಂಗಳಿಂದ ದಿನವೂ ಮಾಡುತ್ತಿದ್ದ ಕೆಲಸವೇ ಅದು. ತಂಡಕ್ಕೆ ಏನು ಕೊರತೆ, ಯಾರು ಹೋಗಬೇಕು, ಯಾರು ಬರಬೇಕು. ಉತ್ತರ ಬಾಯಿಗೆ ತಾನಾಗಿ ಬಂತು.

"ಚಲೋ ಟ್ರೇಡ್," ಎಂದಳು. "ನಿಮಗೀಗ ಬೇಕಾಗಿದ್ದು ಗಣಿತ, ರೊಟ್ಟಿ ಅಲ್ಲ. ಮ್ಯಾನೇಜರ್ ಆಗಿದ್ರ ನಾನೂ ಇದನ್ನ ಮಾಡ್ತಿದ್ದೆ."

ಎಲ್ಲರೂ ನಕ್ಕರು. ಬಸವಕಿರಣ ಹಗುರಾಗಿ ಸೋಫಾಕ್ಕೆ ಒರಗಿದ. ಲೋಟದ ಚಹಾ ಆರುವುದರೊಳಗೆ ಆಗಸ್ಟ್ ಮೂರರ ಟಿಕೆಟ್ ಬುಕ್ ಆಯಿತು.

ತಪ್ಪು ಆದದ್ದು ಇಲ್ಲೇ. ಮಗ ತಾಯಿಯನ್ನು ಕೇಳಿದ್ದ, ಉತ್ತರ ಕೊಟ್ಟವಳು ಬೇಸ್‌ಬಾಲ್ ಅಭಿಮಾನಿ. ಟ್ರೇಡ್ ಸರಿಯಾಗಿಯೇ ಇದೆ ಎಂದು ಅವಳಿಗೆ ಗೊತ್ತಿತ್ತು. ಹೋಗಲು ಮನಸ್ಸಿಲ್ಲ ಎನ್ನುವುದು ಅವಳಿಗೆ ಹೊಳೆದದ್ದು ಚಹಾದ ಲೋಟ ತೊಳೆಯುವಾಗ. ಅಷ್ಟರಲ್ಲಿ ಮಗನ ಫೋನಿಗೆ ಕನ್ಫರ್ಮೇಶನ್ ಬಂದಿತ್ತು.

೫.
ಪುಣೆಯಲ್ಲಿ ಟಿವಿ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಅಲ್ಲಿ ಆ ಆಟ ನಸುಕಿನ ನಾಲ್ಕೂವರೆಗೆ ಬರುತ್ತದೆ. ಎದ್ದು ನೋಡಿಯಾಳು, ಅದೇನೂ ದೊಡ್ಡದಲ್ಲ. ಹೇಳಲು ಯಾರಿದ್ದಾರೆ? ಮಹಾಂತೇಶನ ಮನೆಯಲ್ಲಿ ಎಲ್ಲರೂ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಮಧ್ಯಾಹ್ನ ಎರಡಕ್ಕೆ ಬ್ಯಾಗ್ ಎಸೆದು "ಟುಡೇ ವಿನ್ ಆ ಲೂಸ್ ಆ?" ಎನ್ನುವವರು ಇಲ್ಲ.

ಟಿಕೆಟ್ ಆದ ಮೇಲಿನ ಹತ್ತು ದಿನ ಶಿವಲಿಂಗವ್ವ ಒಂದೇ ಒಂದು ಮಾತಿಗಾಗಿ ಹಂಬಲಿಸಿದಳು. ಇರು. ಯಾರಾದರೂ ಒಬ್ಬರು ಇರು ಎನ್ನಬೇಕು. ಹಾಗೆಂದರೂ ಅವಳು ಹೋಗಿಯೇ ಹೋಗುತ್ತಿದ್ದಳು, ಪಾಪ, ಮಗುವಿನ ಪರೀಕ್ಷೆ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ಹೋಗುವುದು ಬೇರೆ. ತಾನಾಗಿ ಕೇಳುವವಳಲ್ಲ. ಮಗ ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ಹತ್ತಿರ ಒಂದು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು, ಅಷ್ಟೇ. ಮಗ, "ಏನರ ತರಬೇಕಿತ್ತಾ, ಅವ್ವಾ?" ಎಂದು ಕೇಳುತ್ತಿದ್ದ. ಕೊತ್ತಂಬರಿ ಎನ್ನುತ್ತಿದ್ದಳು. ಫ್ರಿಜ್ಜಿನಲ್ಲಿ ನಾಲ್ಕು ಕಟ್ಟು ಕೊತ್ತಂಬರಿ ಕೂಡಿತು.

(ಇಲ್ಲಿ ಸುಪ್ರಿಯಾಳನ್ನು ಸ್ವಲ್ಪ ಕೆಟ್ಟವಳನ್ನಾಗಿ ಮಾಡಿದ್ದ ಒಂದು ಡ್ರಾಫ್ಟ್ ಇತ್ತು. ಟುವಾಸ್‌ನಿಂದ ಒಂದೂವರೆ ಗಂಟೆ ಪ್ರಯಾಣ ಮಾಡಿ ಬಂದವಳು ನನ್ನನ್ನು ಕೂರಿಸಿ ಕೇಳಿದಳು: "ನನ್ನನ್ಯಾಕೆ ವಿಲನ್ ಮಾಡ್ತೀರ? ಮಗುಗೆ ಅರ್ಧಕ್ಕರ್ಧ ಮಾರ್ಕ್ಸ್ ಹೋಗ್ತಿದೆ. ಅತ್ತೆನೇ ಸರಿ ಅಂದ್ರು. ಇನ್ನೇನು ಮಾಡ್ಬೇಕಿತ್ತು, ನೀವೇ ಹೇಳಿ." ಆ ಡ್ರಾಫ್ಟನ್ನು ಡಿಲೀಟ್ ಮಾಡಿದೆ.)

೬.
ಜುಲೈ ಮೂವತ್ತು, ಬುಧವಾರ. ಆಟ ಅರ್ಧಕ್ಕೆ ಬಂದಿತ್ತು. ಹೆರನ್ಸ್ ಎರಡು ರನ್ ಹಿಂದೆ. ಕುಕ್ಕರಗಾಲಪ್ಪ ಎದ್ದು ಕೂತು ಮಾಡುತ್ತಿರುವಾಗ ಕೋಚ್ ಹೊರಬಂದು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಅವನು ಮುಖದ ಪಂಜರ ತೆಗೆದು ಕೋಚ್‌ನ ಹಿಂದೆ ನಡೆದ. ಮೊಣಕಾಲು ಹೋಯಿತು ಎಂದುಕೊಂಡಳು ಶಿವಲಿಂಗವ್ವ.

ಮೊಣಕಾಲಲ್ಲ. ಆಟಗಾರರು ಕೂರುವ ಕಟ್ಟೆಯನ್ನು ಕ್ಯಾಮೆರಾ ತೋರಿಸಿತು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು. ಅವನು ಒಂದು ತುದಿಯಿಂದ ಶುರು ಮಾಡಿದ. ಒಬ್ಬೊಬ್ಬರಾಗಿ ಅವನನ್ನು ತಬ್ಬಿಕೊಂಡರು. ಉದ್ದಗೈಯವ ಬಿಡಲೇ ಇಲ್ಲ, ಟೋಪಿ ಮುಖಕ್ಕೆ ಎಳೆದುಕೊಂಡು ಅವನ ಹೆಗಲಿಗೆ ಹಣೆ ಹಚ್ಚಿ ನಿಂತ. ನೀರು ತಂದುಕೊಡುವ ಮುದುಕ ಕೂಡ ತಬ್ಬಿಕೊಂಡ. ಕಾಮೆಂಟರಿಯವರು ಟ್ರೇಡ್ ಎಂದರು. ಆ ಒಂದು ಪದ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕು ತಿಂಗಳು ಅವಳು ಕೇಳಿದ್ದೇ ಆಗಿತ್ತು. ಎರಡು ಎಳೆಯ ಹುಡುಗರು ಬರುತ್ತಿದ್ದರು. ಚಲೋ ಟ್ರೇಡ್. ಶಿವಲಿಂಗವ್ವನಿಗೆ ಅಳು ಬಂತು. ತಾನೇ ಅವನನ್ನು ಹೊರಗೆ ಹಾಕಿದ ಹಾಗೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆ, ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಅವಳ ಮನೆಯಲ್ಲಿ ಯಾರೂ ಯಾರನ್ನೂ ತಬ್ಬುವುದಿಲ್ಲ. ಹೊರಡುವಾಗ ಕಾಲಿಗೆ ಬೀಳುತ್ತಾರೆ. ಬಿದ್ದವರ ತಲೆ ಮುಟ್ಟಿ ಹರಸಿ, ಬ್ಯಾಗ್ ಎಣಿಸಿ, ಹೊರಡುವುದು. ಅರವತ್ತೊಂಬತ್ತು ವರ್ಷದಲ್ಲಿ ಅದರಲ್ಲೇನೋ ಕಮ್ಮಿಯಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ, ಆ ಬೆಳಿಗ್ಗೆ ಅನ್ನಿಸಿತು.

ನನಗೆ ತಡೆಯಲಾಗಲಿಲ್ಲ. ಮೂರು ಮುಕ್ತಾಯಗಳನ್ನು ಹಿಡಿದುಕೊಂಡು ಅವಳ ಸೋಫಾದ ಪಕ್ಕ ಹೋಗಿ ನಿಂತೆ.

ಅ) ಬಸವಕಿರಣ ಆಫೀಸಿನ ಹತ್ತಿರದ ಎಕ್ಸ್‌ಪೋ ಸ್ಟೇಷನ್‌ನಲ್ಲಿ ಇಳಿದವನು ಏಕೋ ನಿಂತು, ಎದುರಿನ ಪ್ಲಾಟ್‌ಫಾರಂಗೆ ಹೋಗಿ, ವಾಪಸ್ ಟ್ರೇನ್ ಹತ್ತುತ್ತಾನೆ.
"ಅವಂಗ ಒಂಬತ್ತಕ್ಕ ಮೀಟಿಂಗ್ ಐತಿ. ಹುಡುಗನ ನೌಕರಿ ಕಳೀಬ್ಯಾಡ."

ಆ) ಸುಪ್ರಿಯಾಳ ಅಮ್ಮ ಫೋನ್ ಮಾಡಿ, ನಾನು ವಿಡಿಯೋ ಕಾಲಲ್ಲೇ ಗಣಿತ ಹೇಳಿಕೊಡುತ್ತೇನೆ ಎನ್ನುತ್ತಾರೆ.
"ಆ ಹುಡುಗಿಗೆ ಎದುರಿಗೆ ಕುಂತು ಹೇಳಿದ್ರ ತಲಿಗೆ ಹತ್ತತೈತಿ. ಮಷಿನ್ಯಾಗ ಹತ್ತಂಗಿಲ್ಲ."

ಇ) ಆಗಸ್ಟ್ ಮೂರರಂದು ಚಾಂಗಿಯಲ್ಲಿ ಮನೆಯವರೆಲ್ಲ ಸಾಲಾಗಿ ನಿಂತು...
"ಬ್ಯಾಡ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನೀ ಹೇಳಿ ಮಾಡಿಸಿದ್ರ ನನಗ ಗೊತ್ತಾಕ್ಕೈತಲ್ಲ," ಎಂದಳು.

೭.
ಎರಡು ಗಂಟೆ. ಬ್ಯಾಗ್ ಬಿತ್ತು. "ಅಜ್ಜಿ, ಟುಡೇ ವಿನ್ ಆ ಲೂಸ್ ಆ?"

"ಸೋತ್ರು. ಕುಕ್ಕರಗಾಲಪ್ಪನ್ನ ಮಾರಿದ್ರು."

"ಫೈನಲಿ," ಎಂದು ಸಮೃದ್ಧಿ ತಟ್ಟೆ ಎಳೆದುಕೊಂಡಳು. ಮೊದಲ ತುತ್ತು ಬಾಯಿಗಿಟ್ಟುಕೊಂಡು ನೋಡಿದರೆ ಅಜ್ಜಿ ಆಟ ಹೇಳುತ್ತಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. "ಅಜ್ಜಿ, ನೀವ್ ಸ್ಯಾಡ್ ಆ? ಆದ್ರೆ ನೀವೇ ಅಲ್ವಾ ಎವ್ರಿ ಡೇ ಹೇಳಿದ್ದು, ಸೆಲ್ ಹಿಮ್ ಅಂತ? ಗುಡ್ ಟ್ರೇಡ್, ಲಾ," ಎಂದಳು, ಸಿಂಗಪುರದ ಮಕ್ಕಳ ಹಾಗೆ ಕೊನೆಗೊಂದು ಲಾ ಸೇರಿಸಿ.

"ಹೌದು, ನಾನ ಹೇಳಿದ್ದೆ." ಶಿವಲಿಂಗವ್ವ ರೊಟ್ಟಿ ತೆಗೆದು ಬದಿಗಿಟ್ಟಳು. "ಟ್ರೇಡ್ ಚಲೋನ ಐತಿ. ಆದ್ರ ಹೇಳಿದೋರನ್ನ ಇನ್ನೊಮ್ಮೆ ಕೇಳಬೇಕಿತ್ತು ನೋಡು. ಖರೇನ ಕಳಿಸಲೇನು ಅಂತ."

"ಕೇಳಿದ್ರೆ ಏನ್ ಹೇಳ್ತಿದ್ರಿ?"

"ಬ್ಯಾಡಂತಿದ್ದೆ."

ಸಮೃದ್ಧಿ ಎರಡನೇ ತುತ್ತನ್ನು ಬಾಯಿಗೆ ತುರುಕಿದಳು. ಅಗಿಯುತ್ತಾ ಅಜ್ಜಿಯ ಮುಖ ನೋಡಿದಳು. ಅಗಿಯುವುದು ಅರ್ಧಕ್ಕೆ ನಿಂತಿತು. ಈ ಮಗುವಿಗೆ ಗಣಿತ ಬರುವುದಿಲ್ಲ, ಅದು ನಿಜ. ಆದರೆ ಏನನ್ನೋ ಕೂಡಿಸುತ್ತಿರುವ ಹಾಗೆ ಅವಳ ಹುಬ್ಬುಗಳು ಒಂದಕ್ಕೊಂದು ಹತ್ತಿರ ಬಂದವು.

ಹನ್ನೆರಡು ವರ್ಷದ ಹುಡುಗಿ ಈಗ ಏನನ್ನುತ್ತಾಳೆ? ನನ್ನ ಬಳಿ ನಾಲ್ಕು ಒಳ್ಳೆಯ ವಾಕ್ಯಗಳಿವೆ. ಒಂದಂತೂ ನಿಮ್ಮನ್ನು ಖಂಡಿತ ಅಳಿಸುತ್ತದೆ. ಬೆರಳು ಕೀಬೋರ್ಡಿನ ಮೇಲಿದೆ.

ಶಿವಲಿಂಗವ್ವ ಮೊಮ್ಮಗಳಿಂದ ಕಣ್ಣು ತೆಗೆಯದೆ, ಹಿಟ್ಟು ಮೆತ್ತಿದ ಕೈಯನ್ನು ನನ್ನ ಕಡೆ ಎತ್ತಿದಳು. "ಅಕಿ ಬಾಯಾಗ ನೀ ಮಾತು ಇಡಬ್ಯಾಡ," ಎಂದಳು. "ಅಕಿಗೆ ತಿಳಿದ್ರ ಅಕೀನ ಅಂತಾಳ. ತಿಳೀಲಿಲ್ಲಂದ್ರ ನಾ ಪುಣೆಕ್ಕ ಹೊಕ್ಕೀನಿ."

ಕೈ ತೆಗೆದೆ. ಸಮೃದ್ಧಿಯ ಬಾಯಿ ತುಂಬ ಇನ್ನೂ ರೊಟ್ಟಿಯಿದೆ. ಅದನ್ನು ನುಂಗುವ ತನಕ ಅಜ್ಜಿ ಕಾಯುತ್ತಾಳೆ, ನಾನೂ ಇಲ್ಲೇ ನಿಂತಿರುತ್ತೇನೆ, ನಿಮಗೂ ಒಂದು ಕುರ್ಚಿ ಖಾಲಿಯಿದೆ.