ನಡುಗುವ ಕೈಗೊಂದು ಬ್ರಶ್ಶು

ನನ್ನ ಗಂಡ ಹಾರ್ಲನ್ ಗಡ್ಡ ಹೆರೆದುಕೊಳ್ಳದೆ ಹೊಸ್ತಿಲು ದಾಟುವ ಆಸಾಮಿಯಲ್ಲ. ನಮ್ಮ ಮದುವೆಯಾದ ಹೊಸದರಲ್ಲಿ ಎದುರುಮನೆಯ ಗ್ಯಾರೇಜಿಗೆ ಬೆಂಕಿ ಬಿದ್ದಾಗಲೂ, ಮುಖದ ಮೇಲಿನ ನೊರೆಯನ್ನೆಲ್ಲ ತೆಗೆದು ಮುಗಿಸಿಯೇ ಬಕೆಟ್ ಹಿಡಿದು ಓಡಿದ್ದ. ಅಂಥವನಿಗೆ ಅಕ್ಟೋಬರಿನಲ್ಲಿ ಲಕ್ವ ಹೊಡೆಯಿತು. ಬಲಗೈ ಸೋತುಹೋಯಿತು. ಎಡಗೈಗೆ ಮೊದಲೇ ಇದ್ದ ನಡುಕ ಇನ್ನಷ್ಟು ಹೆಚ್ಚಿತು. ಮುಖದ ಮೇಲೆ ಬಿಳಿ ಕುರುಚಲು ಬೆಳೆಯಿತು, ಮನುಷ್ಯ ಮನೆಯೊಳಗೆ ಕೂತುಬಿಟ್ಟ.

ನಮ್ಮೂರು ಶೆಬಾಯ್ಗನ್ನಿನಲ್ಲಿ ಶುಕ್ರವಾರ ಸಂಜೆ ಮನೆಯಲ್ಲಿ ಕೂರುವವರು ಹಾಸಿಗೆ ಹಿಡಿದವರು ಮಾತ್ರ. ಉಳಿದವರೆಲ್ಲ ಕ್ಲೀಟಸ್‌ನ ಬಾರಿನಲ್ಲಿರುತ್ತಾರೆ. ಕರಿದ ಪರ್ಚ್ ಮೀನು, ರೈ ಬ್ರೆಡ್ಡು, ಬ್ರಾಂದಿ, ಆಮೇಲೆ ಶೀಪ್ಸ್‌ಹೆಡ್ ಇಸ್ಪೀಟು. ಆ ಮೂಲೆಯ ಮೇಜಿನಲ್ಲಿ ಹಾರ್ಲನ್ನನ ಕುರ್ಚಿ ಎಷ್ಟೋ ಶುಕ್ರವಾರ ಖಾಲಿ ಬಿದ್ದಿತ್ತು. ಬಾ ಹೋಗೋಣ ಎಂದರೆ ಕೆನ್ನೆ ತೋರಿಸುತ್ತಿದ್ದ.

"ಈ ಮೂತಿ ಹೊತ್ಕೊಂಡು ಬರ್ಲಾ?"

ಮಗಳು ಗ್ರೆಚೆನ್ ಕರೆಂಟಿನ ಶೇವರ್ ತಂದುಕೊಟ್ಟಳು. ಅದಕ್ಕೆ ಹುಲ್ಲು ಕತ್ತರಿಸುವ ಯಂತ್ರ ಎಂದು ಹೆಸರಿಟ್ಟು ಕಪಾಟಿಗೆ ತಳ್ಳಿದ. ನಾನೇ ಮಾಡಿಕೊಡುತ್ತೇನೆ ಎಂದೆ. ಅದಕ್ಕವನು ಹೇಳಿದ್ದು ನನ್ನ ಎದೆಗೆ ಚುಚ್ಚಿತು.

"ಇನ್ನೊಬ್ರು ನನ್ನ ಗಡ್ಡ ಹೆರೆಯೋದು ನಾನು ಹೆಣದ ಪೆಟ್ಟಿಗೆ ಒಳಗೆ ಮಲಗಿದ್ಮೇಲೆ ಕಣೇ. ಅಲ್ಲೀವರ್ಗೂ ಬೇಡ."

ರೇಜರ್ ಹಿಡಿಯುವುದು ಅಷ್ಟೇನೂ ಕಷ್ಟವಿರಲಿಲ್ಲ. ಕೈಯನ್ನು ಗದ್ದಕ್ಕೆ ಆನಿಸಿಕೊಂಡು ಎಡಗೈಯಲ್ಲೇ ಎಳೆಯುವುದನ್ನು ಆಸ್ಪತ್ರೆಯ ಹುಡುಗಿ ಕಲಿಸಿದ್ದಳು. ತೊಂದರೆಯಿದ್ದದ್ದು ನೊರೆಯಲ್ಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವನಿಗೆ ಸಣ್ಣ ಗೀರು ಬಿದ್ದರೂ ಟವಲ್ಲು ಕೆಂಪಾಗುತ್ತದೆ. ಕೂದಲು ಚೆನ್ನಾಗಿ ನೆನೆದು, ದಪ್ಪ ನೊರೆ ಕೂತಿರಲೇಬೇಕು. ನೊರೆ ಹಚ್ಚುವ ಅವನ ಹಳೆಯ ಬ್ರಶ್ಶಿನ ಕೂದಲು ಉದುರಿ ಬೋಳಾಗಿತ್ತು, ಹಿಡಿಯೋ ಪೆನ್ಸಿಲಿನಷ್ಟು ಸಪೂರ. ಅದು ಕೈಯಿಂದ ಜಾರಿ ಬೇಸಿನ್ನಿಗೆ ಬಿದ್ದಾಗಲೆಲ್ಲ ಹಾರ್ಲನ್ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗಿಂದ ಸದ್ದೇ ಬರುತ್ತಿರಲಿಲ್ಲ. ಆ ಮೌನವನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಕ್ಲೀಟಸ್‌ನ ಬಾರಿನ ಹಿಂದಿನ ಕೋಣೆಯಲ್ಲಿ ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಬ್ರಶ್ಶಿನವರ ಕೂಟ ಸೇರುತ್ತದೆ. ಎಲ್ಲ ಅರವತ್ತು ದಾಟಿದ ಗಂಡಸರು. ಬೇಕೆಂದೇ ಗಡ್ಡ ಬಿಟ್ಟುಕೊಂಡು ಬಂದು, ತಂತಮ್ಮ ಬ್ರಶ್ಶು ಸೋಪು ಹರವಿಕೊಂಡು, ಕಾಫಿ ಕುಡಿಯುತ್ತ ನೊರೆ ಎಬ್ಬಿಸಿ ಅಲ್ಲೇ ಶೇವ್ ಮಾಡಿಕೊಳ್ಳುತ್ತಾರೆ. ಹಾರ್ಲನ್ ಅದನ್ನು ಶುರುಮಾಡಿದವರಲ್ಲೊಬ್ಬ. ಇನ್ನೊಬ್ಬ ನಾರ್ಬರ್ಟ್. ಫೌಂಡ್ರಿಯಲ್ಲಿ ಇಬ್ಬರದೂ ಒಂದೇ ಪಾಳಿ. ನಾರ್ಬರ್ಟನಿಗೆ ಬ್ರಶ್ಶೆಂದರೆ ಬ್ಯಾಜರ್ ಎಂಬ ಬಿಲದ ಪ್ರಾಣಿಯ ಕೂದಲಿನದೇ ಆಗಬೇಕು, ಅದರಲ್ಲೂ ತುದಿ ಬೆಳ್ಳಗಿರುವ ಸಿಲ್ವರ್‌ಟಿಪ್ಪೇ ಆಗಬೇಕು. ಮಿಕ್ಕಿದ್ದೆಲ್ಲ ಪಾತ್ರೆ ತಿಕ್ಕಲು ಎನ್ನುವವನು. ಪಾಪ, ತನ್ನ ಬಳಿಯಿದ್ದ ದುಬಾರಿ ಸಿಲ್ವರ್‌ಟಿಪ್ಪನ್ನು ಹಾರ್ಲನ್ನನಿಗೆಂದು ಕೊಟ್ಟು ಕಳಿಸಿದ್ದ. ಅದು ನಡುಗುವ ಕೈಯಲ್ಲಿ ಅತ್ತ ಇತ್ತ ವಾಲಾಡಿ, ನೊರೆ ಮೊಣಕೈವರೆಗೆ ಇಳಿದು, ಕೊನೆಗೆ ಬ್ರಶ್ಶು ಸ್ನಾನದ ತೊಟ್ಟಿಯಲ್ಲಿ ಬಿದ್ದಿತ್ತು.

ಅದನ್ನು ಒರೆಸಿ, ಡಬ್ಬಿಗೆ ಹಾಕಿಕೊಂಡು ಶನಿವಾರ ನಾನೇ ಕೂಟಕ್ಕೆ ಹೋದೆ. ಹೆಂಗಸೊಬ್ಬಳು ಒಳಗೆ ಬಂದಳೆಂದು ಅರ್ಧ ಜನ ಮುಖದ ನೊರೆ ಮುಚ್ಚಿಕೊಂಡರು, ನಾನೇನೋ ಅವರನ್ನು ಬೆತ್ತಲೆಯಾಗಿ ಕಂಡವಳ ಹಾಗೆ.

"ತಗೊಳಪ್ಪಾ ನಿನ್ನ ರಾಜಕುಮಾರಿ," ಎಂದು ಡಬ್ಬಿಯನ್ನು ನಾರ್ಬರ್ಟನ ಮುಂದಿಟ್ಟೆ. "ನಮ್ಮನೇಲಿ ಸಂಸಾರ ಮಾಡಕ್ಕೆ ಆಗ್ಲಿಲ್ಲ ಇವಳಿಗೆ. ಬೇರೆ ಬೇಕು. ಕಡಿಮೆ ಬೆಲೇದು."

"ಕಡಿಮೆ ಬೆಲೇದಾ! ಹಾರ್ಲನ್‌ಗಾ!" ನಾರ್ಬರ್ಟನ ಹುಬ್ಬು ಹಾರಿತು. "ನೋಡು ವೆರ್ನಾ, ಇದಕ್ಕಿಂತ ದೊಡ್ಡ ಸಿಲ್ವರ್‌ಟಿಪ್ ತರ್ಸೋಣ. ನಾವೆಲ್ಲ ಸೇರಿ ಟೋಪಿ ತಿರುಗಿಸಿ ದುಡ್ಡು ಕೂಡಿಸ್ತೀವಿ."

"ಟೋಪಿ ತಿರುಗಿಸಿದ್ದು ಅಂತ ಗೊತ್ತಾದ್ರೆ ಅವನು ಬ್ರಶ್ಶನ್ನ ಸರೋವರಕ್ಕೆ ಎಸೀತಾನೆ, ಹಿಂದೇನೇ ನಿನ್ನನ್ನೂ ಎಸೀತಾನೆ. ನನ್ನ ಕೈಲಾಗೋದನ್ನ ನಾನೇ ಕೊಳ್ತೀನಿ."

ಕೋಣೆಯಲ್ಲಿ ಬ್ರಶ್ಶು ಮಾರಲು ಇಟ್ಟಿದ್ದ ಮೇಜಿನ ಮುಂದೆ ನಿಂತೆ. ಬ್ರಶ್ಶುಗಳನ್ನು ಸಾಲಾಗಿ ನಿಲ್ಲಿಸಿ, ಕ್ಲೀಟಸ್ ಹಿಂದೆ ಕೂತಿದ್ದ. ನಮ್ಮ ವಿಸ್ಕಾನ್ಸಿನ್ನಿನ ಬಾವುಟದಲ್ಲಿ ಬ್ಯಾಜರ್, ಕಾಲೇಜಿನ ಫುಟ್‌ಬಾಲ್ ಅಂಗಿಯ ಮೇಲೆ ಬ್ಯಾಜರ್. ಮೇಜಿನ ಮೇಲಿದ್ದ ಕೂದಲೆಲ್ಲ ಮಾತ್ರ ಚೀನಾದ್ದು. ಅಂಚಿನಲ್ಲಿ, ಕಾಫಿ ಫ್ಲಾಸ್ಕಿನ ಪಕ್ಕ, ಒಂದು ಕುಳ್ಳು ಬ್ರಶ್ಶು ಇತ್ತು. ಕಪ್ಪು ಒರಟು ಕೂದಲು, ಗಿಡ್ಡಗೆ, ಒತ್ತಾಗಿ. ಮರದ ಹಿಡಿ ಬಾಗಿಲಿನ ದುಂಡು ಹಿಡಿಕೆಯಷ್ಟು ದಪ್ಪ. ಮುಷ್ಟಿಯಲ್ಲಿ ತುಂಬಿ ಕೂತಿತು.

"ಅದು ಬೇಡಮ್ಮಾ," ಕ್ಲೀಟಸ್ ನಾಚಿಕೊಂಡ. "ಅದೂ ಬ್ಯಾಜರೇ, ಆದ್ರೆ ಕೆಳಗಿನ ದರ್ಜೆ. ಯಾರೂ ತಗೊಳಲ್ಲ. ಇಲ್ಲಿ ನೋಡು." ನನ್ನ ಅಂಗೈ ಎಳೆದು ಅದರಲ್ಲಿ ತಿರುಗಿಸಿದ. ಚುಚ್ಚಿತು. ಆಮೇಲೆ ಸಿಲ್ವರ್‌ಟಿಪ್ ತಿರುಗಿಸಿದ. ಬೆಣ್ಣೆ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಈ ಕೂಟದವರು ಬ್ರಶ್ಶನ್ನು ಅಂಗೈಯಲ್ಲೇ ಅಳೆಯುವುದು, ಅಂಗೈ ಹೇಳಿದ್ದೇ ತೀರ್ಪು.

ನನಗೆ ರೇಗಿಹೋಯಿತು. "ಹಾರ್ಲನ್ ಅಂಗೈಲಿ ಗಡ್ಡ ಬೆಳೆದಿಲ್ಲ ಕಣ್ರಪ್ಪಾ!"

ಸುತ್ತ ನಿಂತವರು ನಾರ್ಬರ್ಟನ ಕಡೆ ನೋಡಿದರು. ಆಮೇಲೆ ನಾರ್ಬರ್ಟ್ ನಕ್ಕ. "ನಿನ್ನ ಕೆನ್ನೇಲೂ ಬೆಳೆದಿಲ್ವಲ್ಲ ತಾಯೀ. ನೀನು ಹೆಂಗೆ ಪರೀಕ್ಷೆ ಮಾಡ್ತೀಯ?"

"ನಿನ್ನ ಕೆನ್ನೇಲಿ ಬೆಳೆದಿದ್ಯಲ್ಲ. ಕೂತ್ಕೋ."

ಸುತ್ತಲಿನವರು ಹೋ ಎಂದರು. ಹಿಂದೆ ಸರಿದರೆ ಮಾನ ಹೋಗುತ್ತದೆ, ನಾರ್ಬರ್ಟ್ ಕುರ್ಚಿಯಲ್ಲಿ ಕೂತ. ಅವನ ಸಿಲ್ವರ್‌ಟಿಪ್ಪನ್ನೇ ಬಿಸಿನೀರಿಗೆ ಅದ್ದಿ, ಸೋಪಿನಲ್ಲಿ ತಿರುಗಿಸಿ, ನನ್ನ ಎಡಗೈಗೆ ತೆಗೆದುಕೊಂಡೆ. ಆಮೇಲೆ ಆ ಕೈಯನ್ನು ಹಾರ್ಲನ್ನನ ಕೈ ನಡುಗುವಂತೆಯೇ ನಡುಗಿಸಿದೆ. ನನಗೆ ಆ ನಡುಕ ಚೆನ್ನಾಗಿ ಗೊತ್ತು. ದಿನವೂ ಊಟದ ಮೇಜಿನಲ್ಲಿ ಸೂಪಿನ ಚಮಚದೊಂದಿಗೆ ನೋಡುತ್ತೇನೆ. ಕೋಣೆಯಲ್ಲಿ ನಗು ನಿಂತಿತು, ನಾನು ಯಾರ ಕೈ ತೋರಿಸುತ್ತಿದ್ದೇನೆಂದು ಅವರಿಗೂ ಅರ್ಥವಾಗಿತ್ತು.

ಆ ಮೃದುವಾದ ಉದ್ದ ಕೂದಲು ಕೈ ಹೋದತ್ತ ಹೋಯಿತು. ನಾರ್ಬರ್ಟನ ಮೂಗಿನ ಹೊಳ್ಳೆಗೆ, ಕಿವಿಗೆ, ಕನ್ನಡಕಕ್ಕೆ. ಕೆನ್ನೆಯ ಮೇಲೆ ಉಳಿದದ್ದು ನೀರು ನೀರು.

"ಥೂ, ಬಾಯೊಳಗೂ ಹೋಯ್ತಲ್ಲೇ!"

"ಒಂದು ದಿನಕ್ಕೇ ಹಿಂಗಾಡ್ತೀಯಾ?" ಎಂದು ಅವನ ಮುಖ ಒರೆಸಿ, ಕುಳ್ಳು ಬ್ರಶ್ಶನ್ನು ಎತ್ತಿಕೊಂಡೆ. ಅದೇ ನೀರು, ಅದೇ ಸೋಪು, ಅದೇ ನಡುಕ. ಕೈ ನಡುಗಿತು, ಕೂದಲು ಬಾಗಲಿಲ್ಲ. ಚರ್ಮಕ್ಕೆ ಕಚ್ಚಿಕೊಂಡು ನಿಂತಿತು. ನಡುಗಿದಷ್ಟೂ ನೊರೆ ಎದ್ದಿತು! ಹಾರ್ಲನ್ನನ ಕೈಯ ಶತ್ರುವನ್ನೇ ಈ ಕುಳ್ಳು ಬ್ರಶ್ಶು ಕೆಲಸಕ್ಕೆ ಹಚ್ಚಿತ್ತು. ನಾರ್ಬರ್ಟನ ಕೆನ್ನೆಯ ತುಂಬ ಗಟ್ಟಿ ಮೊಸರಿನಂತೆ ನೊರೆ ಕೂತಿತು, ಕನ್ನಡಕ ಒಣಗೇ ಇತ್ತು.

ಅವನು ಕನ್ನಡಿ ಕೇಳಿ ಇಸಿದುಕೊಂಡ. ಆ ಕಡೆ ಈ ಕಡೆ ತಿರುಗಿ ನೋಡಿಕೊಂಡ. "ಸ್ವಲ್ಪ ಚುಚ್ಚುತ್ತೆ," ಎಂದ. ಆಮೇಲೆ ದನಿ ತಗ್ಗಿಸಿ, "ಚೆನ್ನಾಗೇ ಚುಚ್ಚುತ್ತೆ ಕಣೇ. ಇದನ್ನೇ ತಗೊಂಡೋಗು."

ಇಬ್ಬರ ಮೀನೂಟದಷ್ಟೂ ಆಗಲಿಲ್ಲ ಅದರ ಬೆಲೆ. ಸುಮ್ಮನೆ ಇಟ್ಟುಕೋ ಎಂದ ಕ್ಲೀಟಸ್‌ನ ಜೇಬಿಗೆ ನೋಟು ತುರುಕಿ ಹೊರಟೆ.

ಹೊಸ ಬ್ಯಾಜರ್ ಕೂದಲಿಗೆ ಒಂದು ನಾತವಿದೆ. ಪಾತ್ರೆ ಸೋಪಿನಲ್ಲಿ ದಿನಾ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಒಣಗಿಸಿದೆ. ಮನೆಯೆಲ್ಲ ಒದ್ದೆ ನಾಯಿಯ ವಾಸನೆ.

"ಕೂದಲು ಮಾತ್ರ ತಂದ್ಯೋ, ಪ್ರಾಣೀನೂ ಎಲ್ಲಾದ್ರೂ ಕಟ್ಹಾಕಿದ್ಯೋ?" ಎಂದು ಹಾರ್ಲನ್ ಮೂಗು ಮುಚ್ಚಿಕೊಂಡ. ಬೈದನೆಂದು ನನಗೆ ಖುಷಿಯಾಯಿತು. ಬೈದು ಬಹಳ ದಿನವಾಗಿತ್ತು.

ಶುಕ್ರವಾರ ಮಧ್ಯಾಹ್ನ ಬ್ರಶ್ಶನ್ನು ಬೇಸಿನ್ನಿನ ಪಕ್ಕ ಇಟ್ಟು, ಏನೂ ಹೇಳದೆ ಹೊರಬಂದೆ. ಬಾಗಿಲು ಮುಚ್ಚಿತು. ನಾನು ಹಜಾರದ ಗೋಡೆಗೊರಗಿ ನಿಂತೆ. ನೀರು ಬಿಟ್ಟ ಸದ್ದು. ಬಟ್ಟಲಿನಲ್ಲಿ ಬ್ರಶ್ಶು ತಿರುಗುವ ಸದ್ದು. ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ರೇಜರನ್ನು ಬೇಸಿನ್ನಿಗೆ ತಟ್ಟುವುದು ಕೇಳಿಸಿತು. ಆಮೇಲೆ ಸಿಳ್ಳೆ. ಅಕ್ಟೋಬರಿನಿಂದೀಚೆಗೆ ಆ ಮನೆಯಲ್ಲಿ ಯಾರೂ ಸಿಳ್ಳೆ ಹಾಕಿರಲಿಲ್ಲ. ನಾನು ಅಲ್ಲೇ ನಿಂತು ಅತ್ತೆ, ಅವನು ಬರುವಷ್ಟರಲ್ಲಿ ಮುಖ ಒರೆಸಿಕೊಂಡೆ.

ಹೊರಬಂದ. ಕೆಂಪಗೆ, ನುಣ್ಣಗೆ, ಎಲ್ಲೂ ಒಂದು ಗೀರಿಲ್ಲ. ಎಡಕಿವಿಯ ಕೆಳಗೆ ಒಂದು ಪಟ್ಟಿ ಗಡ್ಡ ಹಾಗೇ ಉಳಿದಿತ್ತು. ಅದನ್ನು ಹೇಳುವುದಕ್ಕಿಂತ ನಾಲಿಗೆ ಕತ್ತರಿಸಿಕೊಂಡೇನು ಎಂದುಕೊಂಡೆ.

"ಕೋಟು ಎಲ್ಲೇ?" ಎಂದ.

ಕ್ಲೀಟಸ್‌ನ ಬಾರಿನಲ್ಲಿ ಜನ ಎದ್ದು ನಿಂತರು. ಮೀನು ಕರಿಯುತ್ತಿದ್ದವಳು ಒಲೆ ಬಿಟ್ಟು ಬಂದಳು. ಹಾರ್ಲನ್ ಊರುಗೋಲು ಊರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಮೂಲೆಯ ಮೇಜಿಗೆ ನಡೆದು ತನ್ನ ಕುರ್ಚಿಯಲ್ಲಿ ಕೂತ. ಅವನು ಕೂತಾಗ ನನಗೆ ಊರನ್ನೇ ಗೆದ್ದಷ್ಟು ಹೆಮ್ಮೆಯಾಯಿತು.

"ಬಂದ್ಯಾ ಮುದುಕಾ," ಎಂದ ನಾರ್ಬರ್ಟ್. ಕೂಟದವರ ಪದ್ಧತಿಯಂತೆ ಅಂಗೈಯನ್ನು ಹಾರ್ಲನ್ನನ ಕೆನ್ನೆಯ ಮೇಲೆ, ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಎಳೆದ. ಬಲಗೆನ್ನೆ. ಗದ್ದ. ಎಡಗೆನ್ನೆ. ಕಿವಿಯ ಕೆಳಗೆ ಬಂದು ಅವನ ಕೈ ಗಕ್ಕನೆ ನಿಂತಿತು. ಬಾಯಿ ತೆರೆದ.

ಮೇಜಿನ ಕೆಳಗೆ ನನ್ನ ಬೂಟು ಅವನ ಮೊಣಕಾಲಿಗೆ ಬಲವಾಗಿ ಬಿತ್ತು.

"ಹೇಳೋ," ಎಂದ ಹಾರ್ಲನ್, "ಹೆಂಗಿದೆ?"

ನಾರ್ಬರ್ಟನ ಕಣ್ಣಲ್ಲಿ ನೀರಿತ್ತು. ನನ್ನ ಒದೆಗೂ ಇರಬಹುದು. "ಬೆಣ್ಣೆ ಕಣೋ," ಎಂದ, "ಅಪ್ಪಟ ಬೆಣ್ಣೆ."

"ಮತ್ತೇನು! ನಾನೇ ಮಾಡ್ಕೊಂಡಿದ್ದು," ಎಂದ ನನ್ನ ಗಂಡ, ನಡುಗುವ ಎಡಗೈಯನ್ನು ಮೇಜಿನ ನಡುವೆ ಚಾಚಿದ. "ಇಸ್ಪೀಟೆಲೆ ಹಾಕ್ರೋ."